ನಿನ್ನ ಮಗಳಿಗೊಂದು ಹೊಗೆಪೆಟ್ಟಿಗೆ

ಜಯಕ್ಕಾ,

ನೀನು ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವಳು ಈಗ್ಯಾಕೆ ಪೆನ್ನು ಹಿಡಿದಳು ಅನ್ನುತ್ತೀಯೇನೋ. ಬರೆಯುವಂತೆ ಮಾಡಿದವಳು ನಿನ್ನ ಮಗಳು. ಬರಿ ಅಂತ ಅವಳೇನೂ ಹೇಳಲಿಲ್ಲ. ಒಂದೇ ಒಂದು ಮಾತಾಡಿ ನನ್ನನ್ನು ನಿನ್ನ ಕಡೆಗೆ ತಳ್ಳಿಬಿಟ್ಟಳು. ಆ ಮಾತು ಏನು ಅಂತ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಹೇಳಬೇಕಾದದ್ದು ಬಹಳ ಇದೆ.

ಈ ಸಲದ ಯುಗಾದಿಯ ಮಾರನೆಯ ದಿನ, ಹೊಸತೊಡಕು. ಮಧ್ಯಾಹ್ನ ಬಾಡೂಟ ಮುಗಿಸಿ ಎಲ್ಲರೂ ಕಾಲು ಚಾಚಿ ಕೂತಿದ್ದೆವು. ಪಲ್ಲವಿ ಫೋನು ಹಿಡಿದು ನನ್ನ ಪಕ್ಕ ಬಂದಳು. "ಚಿಕ್ಕಮ್ಮ, ನಮ್ಮನೆಗೊಂದು ಸ್ಮೋಕರ್ ತಗೊಳ್ಳೋಣ್ವಾ?" ಅಂದಳು. ಸಿಗರೇಟಿನ ವಿಷಯವೇನೋ ಅಂತ ನಾನು ಗಾಬರಿಯಾದೆ. ಅವಳು ನಕ್ಕುಬಿಟ್ಟಳು. ಮಾಂಸವನ್ನು ನೇರ ಬೆಂಕಿಗೆ ಇಡದೆ, ಮುಚ್ಚಿದ ಪೆಟ್ಟಿಗೆಯೊಳಗೆ ಸಣ್ಣ ಕಾವಿನಲ್ಲಿ, ಹೊಗೆಯಲ್ಲೇ ಐದಾರು ಗಂಟೆ ಬೇಯಿಸುವ ಸಾಧನವಂತೆ ಅದು. ಹೊರದೇಶದವರು ಹಿತ್ತಿಲಲ್ಲಿ ಇಟ್ಟುಕೊಳ್ಳುತ್ತಾರಂತೆ, ಈಗ ಬೆಂಗಳೂರಿನಲ್ಲೂ ಟೆರೇಸಿನ ಮೇಲೆ ಇಟ್ಟುಕೊಂಡವರಿದ್ದಾರಂತೆ. ಫೋನಿನಲ್ಲಿ ಯಾರೋ ಗಡ್ಡದವನು ಮುಚ್ಚಳ ಎತ್ತಿದ. ಬುಸ್ಸನೆ ಹೊಗೆ ಎದ್ದಿತು. ನಾನು ಮುಖ ತಿರುಗಿಸಿಕೊಂಡೆ ಅಕ್ಕ. ಫೋನಿನೊಳಗಿನ ಹೊಗೆಗೆ ಯಾರಾದರೂ ಮುಖ ತಿರುಗಿಸುತ್ತಾರಾ?

"ಬೇಡ" ಅಂದೆ. "ಯಾಕೆ?" ಅಂದಳು. "ಬೇಡ ಅಂದ್ರೆ ಬೇಡ ಕಣೇ. ಮನೆಯೆಲ್ಲ ಹೊಗೆ ಆಗುತ್ತೆ." ಅವಳು ಎದ್ದು ಹೋದಳು. ಯಾಕೆ ಅಂತ ಹೇಳುವುದಕ್ಕೆ ನನಗೆ ಬಾಯಿ ಎಲ್ಲಿತ್ತು?

ಅತ್ತಿಗುಪ್ಪೆಯಲ್ಲಿ ನಮ್ಮ ಹೋಟೆಲಿನ ಹಿಂದೆ ಇದ್ದ ಆ ಶೀಟಿನ ಅಡುಗೆಮನೆ. ಭಾವ ತೀರಿಕೊಂಡ ವರ್ಷ ನೀನು ಒಲೆ ಹಿಡಿದೆ, ನಾನು ಬಡಿಸುವ ಕೆಲಸ ಹಿಡಿದೆ. ಪಲ್ಲವಿಗೆ ಆಗ ಮೂರು ವರ್ಷ. ಅಕ್ಕಿ ಮೂಟೆಗಳ ಮೇಲೆ ಗೋಣಿಚೀಲ ಹಾಸಿ ಅವಳನ್ನು ಮಲಗಿಸುತ್ತಿದ್ದೆವು. ಬೆಳಗ್ಗೆ ನೀನು ಒಲೆ ಹಚ್ಚಿದರೆ ಮಧ್ಯಾಹ್ನ ಮೂರರವರೆಗೆ ಅದು ಆರುತ್ತಿರಲಿಲ್ಲ. ತಲೆಮಾಂಸ ಒಂದು ಕಡೆ, ನಾಟಿಕೋಳಿ ಸಾರು ಒಂದು ಕಡೆ, ನಡುವೆ ಮುದ್ದೆಯ ಹಂಡೆ. "ಕಟ್ಟಿಗೆ ಹಸಿ ಇದ್ರೆ ಬಿಳಿ ಹೊಗೆ ಬರುತ್ತೆ ಭಾಗಿ, ಸಾರು ಕಹಿ ಹೊಡಿಯುತ್ತೆ. ಹೊಗೆ ಅನ್ನೋದು ಕಣ್ಣಿಗೆ ಕಂಡೂ ಕಾಣ್ದಂಗೆ ಹೋಗ್ಬೇಕು" ಅನ್ನುತ್ತಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಅನ್ನುತ್ತಿದ್ದೆ. ಕಂಡೂ ಕಾಣದ ಹಾಗೆ ಹೋದ ಆ ಹೊಗೆ ಎಲ್ಲಿಗೆ ಹೋಗುತ್ತಿತ್ತು ಅಂತ ನಾವಿಬ್ಬರೂ ಯಾವತ್ತಾದರೂ ಕೇಳಿಕೊಂಡೆವಾ?

ಎಕ್ಸ್‌ರೇ ಹಿಡಿದು ಡಾಕ್ಟರು ನನ್ನನ್ನೂ ಒಳಗೆ ಕರೆದ ದಿನ ನಿನಗೆ ನೆನಪಿರಬೇಕು. "ಇವರು ಸಿಗರೇಟು ಸೇದುತ್ತಾರಾ?" ಅಂತ ಕೇಳಿದರು. ನೀನು ನಕ್ಕೆ. ನಗು ಕೆಮ್ಮಾಯಿತು. ಎರಡು ಸಣ್ಣ ಕೆಮ್ಮು, ಆಮೇಲೆ ಬಾವಿಯಿಂದ ಹಗ್ಗ ಎಳೆದ ಹಾಗೆ ಒಂದು ಉದ್ದನೆಯ ಉಸಿರು. ನಿನ್ನ ಕೆಮ್ಮನ್ನು ನಾನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯುತ್ತಿದ್ದೆ. ಸೌದೆ ಒಲೆಯ ಮುಂದೆ ಇನ್ನು ನಿಲ್ಲಲೇಬಾರದು, ಈಗಾಗಲೇ ತಡವಾಗಿದೆ ಅಂದರು ಡಾಕ್ಟರು. ಮಾರನೆಯ ವಾರವೇ ಗ್ಯಾಸಿನ ಒಲೆ ತಂದೆವು. ನೀನು ಅದರ ಮುಂದೆ ಹೊಸ ಮನೆಗೆ ಬಂದ ನೆಂಟರ ಹಾಗೆ ನಿಂತಿರುತ್ತಿದ್ದೆ.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಮ್ಮವರಿಗೂ ಹೇಳಿರಲಿಲ್ಲ.

ಗ್ಯಾಸು ಬಂದು ಎರಡು ತಿಂಗಳಾಗಿತ್ತು. ದಿನಾ ಬರುತ್ತಿದ್ದವರಲ್ಲಿ ಅರ್ಧ ಜನ ಬರುವುದು ಬಿಟ್ಟಿದ್ದರು. ಬಂದವರೂ "ಯಾಕಮ್ಮ, ಕೈ ಬದಲಾಯ್ತಾ?" ಅಂತ ಕೇಳುತ್ತಿದ್ದರು. ಒಂದು ಸಂಜೆ ಪಾತ್ರೆ ಬೆಳಗುತ್ತಾ ಕೂತಿದ್ದಾಗ ನಾನೇ ಅಂದೆ, "ಸೌದೆ ರುಚಿ ಇಲ್ದಿದ್ರೆ ನಮ್ಮ ಹೋಟ್ಲಿಗೆ ಯಾರು ಬರ್ತಾರೆ ಅಕ್ಕ?" ಅಂತ. ನೀನು ಏನೂ ಹೇಳಲಿಲ್ಲ. ಬೆಳಗುತ್ತಿದ್ದ ತಪ್ಪಲೆಯನ್ನು ಇನ್ನೊಂದು ಸಲ ಬೆಳಗಿದೆ, ಅಷ್ಟೇ. ಮಾರನೆಯ ಬೆಳಗ್ಗೆ ನಾನು ಕೆಂಗೇರಿಯಿಂದ ಬಂದು ಮೆಟ್ರೋ ನಿಲ್ದಾಣದ ಮೆಟ್ಟಿಲು ಇಳಿಯುತ್ತಿದ್ದೆ. ನಮ್ಮ ಶೀಟಿನ ಸಂದಿಯಿಂದ ಹೊಗೆ ಏಳುತ್ತಿರುವುದು ಕಾಣಿಸಿತು.

ನನಗೆ ಸಂತೋಷವಾಯಿತು ಅಕ್ಕ.

ಅದನ್ನೇ ನಾನು ನಿನಗೆ ಹೇಳಬೇಕಾಗಿದ್ದದ್ದು. ಭಯವಾಗಲಿಲ್ಲ, ಓಡಿ ಬಂದು ಒಲೆಗೆ ನೀರು ಸುರಿಯಬೇಕು ಅನ್ನಿಸಲಿಲ್ಲ. ಸಂತೋಷವಾಯಿತು. ಮೆಟ್ಟಿಲು ಇಳಿದು ಬೇಗ ಬೇಗ ನಡೆದೆ. "ಒಂದೆರಡು ದಿನ ಮಾಡ್ತೀನಿ, ಬಾಯಿಗೆ ಬಟ್ಟೆ ಕಟ್ಕೊಂಡಿದೀನಲ್ಲ" ಅಂದೆ ನೀನು. ನಾನು "ಹೂಂ" ಅಂದೆ. ಎರಡು ದಿನ ಎಂಟು ತಿಂಗಳಾಯಿತು. ಆಮೇಲೆ ಆಸ್ಪತ್ರೆ, ಆಮೇಲೆ...

ಹೋಟೆಲು ಮುಚ್ಚಿದೆವು. ಪಲ್ಲವಿಯನ್ನು ಕೆಂಗೇರಿಗೆ ನಮ್ಮ ಮನೆಗೆ ಕರೆದುಕೊಂಡು ಬಂದೆ. ರಾಜಾಜಿನಗರದಲ್ಲಿ ಮದುವೆ ಕಾರ್ಡು ಮಾಡುವ ಅಂಗಡಿಯಲ್ಲಿ ಅವಳಿಗೆ ಕೆಲಸ. ಕಂಪ್ಯೂಟರಿನ ಮುಂದೆ ಕೂತು ಊರವರ ಮದುವೆಗೆಲ್ಲ ಹೂಬಳ್ಳಿ ಬರೆಯುತ್ತಾಳೆ. ನಿನ್ನ ಸೀರೆಗಳನ್ನು ನಾನು ನಾಲ್ಕು ಸಲ ಒಗೆದೆ, ಬಿಸಿಲಿಗೆ ಹಾಕಿದೆ. ಬೀರು ತೆಗೆದರೆ ಇವತ್ತಿಗೂ ಹುಣಸೆ ಕಟ್ಟಿಗೆಯ ವಾಸನೆ ಬರುತ್ತದೆ. ಭಾನುವಾರ ಹನ್ನೊಂದು ಗಂಟೆಗೆ, ಎಲ್ಲೂ ಏನೂ ಉರಿಯದಿದ್ದರೂ, ಟೆರೇಸಿನ ಮೆಟ್ಟಿಲ ಮೇಲೆ ಅದೇ ವಾಸನೆ. "ಯಾರೋ ಕಸ ಸುಡ್ತಾ ಇರ್ಬೇಕು" ಅನ್ನುತ್ತಾರೆ ನಮ್ಮವರು. ನಾನು ಮೇಲೆ ಹತ್ತಿ ನಾಲ್ಕೂ ದಿಕ್ಕು ನೋಡಿ ಬರುತ್ತೇನೆ. ಯಾರೂ ಕಸ ಸುಡುತ್ತಿರುವುದಿಲ್ಲ.

ಹೋದ ವರ್ಷದ ದೀಪಾವಳಿ ಆದಮೇಲೆ ನೀನೇ ಬಂದೆ. ಬೆಳಗ್ಗೆ ಐದೂವರೆಗೆ, ಇನ್ನೂ ಹಾಲಿನವನು ಬಂದಿರದ ಹೊತ್ತಿನಲ್ಲಿ, ಕೆಮ್ಮು ಕೇಳಿಸಿತು. ಎರಡು ಸಣ್ಣ ಕೆಮ್ಮು, ಒಂದು ಉದ್ದನೆಯ ಉಸಿರು. ಎಲ್ಲೋ ನೀರು ಬೀಳುವ ಸದ್ದಿನ ಹಿಂದಿನಿಂದ. ನಾನು ಹಾಸಿಗೆಯಲ್ಲಿ ಮರದ ಹಾಗೆ ಬಿದ್ದುಕೊಂಡಿದ್ದೆ. ಮಾರನೆಯ ದಿನ ಮತ್ತೆ. ಒಂದು ದಿನ ಧೈರ್ಯ ಮಾಡಿ ಎದ್ದು ಹೋದೆ. ಪಲ್ಲವಿ ಮುಸುಕು ಹಾಕಿ ಮಲಗಿದ್ದಳು. ಹಜಾರದಲ್ಲಿ ಯಾರೂ ಇಲ್ಲ, ಬಚ್ಚಲಿನ ನೆಲ ಒದ್ದೆ. ಅವತ್ತಿನಿಂದ ನಾನು ಏಳುವುದನ್ನೇ ಬಿಟ್ಟೆ. ಕಣ್ಣು ಮುಚ್ಚಿಕೊಂಡು ನಿನ್ನ ಜೊತೆ ಮಾತಾಡುತ್ತಿದ್ದೆ. ನಾನು ಆಡಿದ ಆ ಮಾತಿಗೆ ಉತ್ತರ ಕೇಳುವುದಕ್ಕೆ ಬರುತ್ತಿದ್ದೀಯಾ ಅಕ್ಕ? ಹಾಗಾದರೆ ಒಳಗೆ ಬಂದು ಕೇಳಬಾರದಾ? ಬಚ್ಚಲಲ್ಲಿ ನಿಂತು ಯಾಕೆ...

ಹೊಸತೊಡಕು ಮುಗಿದು ಒಂದು ತಿಂಗಳಾದರೂ ಪಲ್ಲವಿ ಸ್ಮೋಕರು ಬಿಡಲಿಲ್ಲ. ಕೆಲಸದಿಂದ ಬಂದವಳು ಊಟದ ತಟ್ಟೆಯ ಪಕ್ಕ ಫೋನು ಒರಗಿಸಿ ತೋರಿಸುತ್ತಿದ್ದಳು. ಪೆಟ್ಟಿಗೆಯ ಪಕ್ಕದಲ್ಲಿ ಬೆಂಕಿಗೆಂದೇ ಇನ್ನೊಂದು ಪೆಟ್ಟಿಗೆ ಇರುವಂಥದ್ದು ಒಂದು. ಅದಕ್ಕೆ ಆರು ಗಂಟೆ ಹೊತ್ತೂ ಸೌದೆ ತುಂಬುತ್ತಾ ಕಾವಲು ಕೂರಬೇಕು. ನಿಲ್ಲಿಸಿದ ಡ್ರಮ್ಮಿನ ತಳದಲ್ಲಿ ಇದ್ದಿಲು, ಮೇಲೆ ಕೊಕ್ಕೆಗೆ ಮಾಂಸ ನೇತು ಹಾಕುವಂಥದ್ದು ಇನ್ನೊಂದು. ಕರೆಂಟಿನದೂ ಇದೆ. ಚಿಕ್ಕ ಫ್ರಿಜ್ಜಿನ ಹಾಗೆ ಕಾಣುತ್ತದೆ, ಒಂದು ತಟ್ಟೆಯಲ್ಲಿ ಮರದ ಚಕ್ಕೆ ಹಾಕಿ ಬಾಗಿಲು ಮುಚ್ಚಿಬಿಟ್ಟರೆ ಆಯಿತು. "ಕರೆಂಟಿಂದು ಮೋಸ ಚಿಕ್ಕಮ್ಮ. ನಂಗೆ ಡ್ರಮ್ಮೇ ಬೇಕು" ಅಂದಳು. ಅದೇನು ಹಟ ನಿನಗೆ ಅಂತ ನಾನು ರೇಗಿದೆ. ಅವಳು ತಟ್ಟೆ ನೋಡುತ್ತಾ, "ಅಮ್ಮನ ಮುಖ ಫೋಟೋದಲ್ಲಿದೆ. ಅಮ್ಮನ ದನಿ ಫೋನಲ್ಲಿದೆ. ಅಮ್ಮ ಮಾಡ್ತಿದ್ದ ಬಾಡಿನ ರುಚಿ ಎಲ್ಲೂ ಇಲ್ಲ. ಅದು ನಂಗೆ ಮರ್ತೋಗ್ತಾ ಇದೆ" ಅಂದಳು.

ಅವಳ ಜೊತೆ ಹೊರಟೆ.

ಸುಂಕದಕಟ್ಟೆಯ ಒಳರಸ್ತೆಯಲ್ಲಿ ಒಬ್ಬರು ವೆಲ್ಡಿಂಗ್ ಕೆಲಸದವರು ಡ್ರಮ್ಮಿನ ಸ್ಮೋಕರು ಮಾಡಿಕೊಡುತ್ತಾರೆ ಅಂತ ಅವಳು ವಿಚಾರಿಸಿ ಇಟ್ಟಿದ್ದಳು. ವಯಸ್ಸಾದವರು, ಹುಬ್ಬಳ್ಳಿ ಕಡೆಯವರು. ಬಣ್ಣ ಹೊಡೆದ ಒಂದು ಡ್ರಮ್ಮನ್ನು ಪಲ್ಲವಿ ಮುಟ್ಟಿ ನೋಡಿದಳು. "ಅದನ್ನ ಒಯ್ಯಬ್ಯಾಡ್ರಿ ತಂಗಿ, ಅದರಾಗ ಮದ್ಲ ಏನಿತ್ತೋ ಏನೋ. ಕೆಮಿಕಲ್ ಇದ್ದದ್ದಾದ್ರ ಮಾಂಸಕ್ಕ ಇಳೀತದ. ಈ ಹೊಸಾದು ನೋಡ್ರಿ, ಎಣ್ಣಿ ಮುಟ್ಟಿಲ್ಲ, ಏನೂ ಇಲ್ಲ" ಅಂದರು. ಕೆಳಗೆ ಗಾಳಿ ಬರುವ ತೂತು, ಮುಚ್ಚಳದಲ್ಲಿ ಗಾಳಿ ಹೋಗುವ ತೂತು, ಎರಡನ್ನೂ ತಿರುಗಿಸಿ ಕಾವು ಹಿಡಿಯುವುದು ಹೇಗೆ ಅಂತ ತೋರಿಸಿದರು. ಹಚ್ಚಿ ತೋರಿಸಿ ಅಂದಳು ಪಲ್ಲವಿ. ಅವರು ಇದ್ದಿಲು ಹೊತ್ತಿಸಿ, ಅಲ್ಲೇ ಬಿದ್ದಿದ್ದ ಎರಡು ಸೌದೆ ತುಂಡು ಹಾಕಿ ಮುಚ್ಚಿದರು. ಸೌದೆ ಹಸಿಯಿತ್ತು. ಮುಚ್ಚಳದ ತೂತಿನಿಂದ ಬೆಳ್ಳಗೆ, ದಪ್ಪಗೆ, ಹಿಂಡು ಹಿಂಡಾಗಿ ಬಂತು.

ಆಗ ನನ್ನ ಬೆನ್ನ ಹಿಂದೆಯೇ ನೀನು ಕೆಮ್ಮಿದೆ.

ಹಾಡಹಗಲು. ಪಕ್ಕದಲ್ಲಿ ಕಬ್ಬಿಣ ಕೊಯ್ಯುವ ಸದ್ದು, ರಸ್ತೆಯಲ್ಲಿ ಆಟೋಗಳು. ಎರಡು ಸಣ್ಣ ಕೆಮ್ಮು, ಒಂದು ಉದ್ದನೆಯ ಉಸಿರು. ತಿರುಗಿ ನೋಡಲೇಬಾರದು ಅನ್ನಿಸಿತು. ತಿರುಗಿದೆ. ಪಲ್ಲವಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು ಬಗ್ಗಿದ್ದಳು. ಕುತ್ತಿಗೆಯ ನರ ಉಬ್ಬಿತ್ತು. ನೀನು ಹೀಗೇ ಬಗ್ಗುತ್ತಿದ್ದೆ. ವೆಲ್ಡಿಂಗಿನವರು ಓಡಿ ಹೋಗಿ ನೀರು ತಂದರು. ನಾನು ನಿಂತಲ್ಲೇ ನಿಂತಿದ್ದೆ ಅಕ್ಕ. ಆರು ತಿಂಗಳು ನಾನು ಕಣ್ಣು ಮುಚ್ಚಿಕೊಂಡು ನಿನ್ನ ಜೊತೆ ಮಾತಾಡುತ್ತಾ ಮಲಗಿದ್ದಾಗ, ಗೋಡೆಯಾಚೆ ನಿಂತು ಕೆಮ್ಮುತ್ತಿದ್ದವಳು ಇವಳು. ಗೊತ್ತಾಗಲಿಲ್ಲವೋ, ಗೊತ್ತು ಮಾಡಿಕೊಳ್ಳುವುದು ಬೇಡವಾಗಿತ್ತೋ, ನಿಜವಾಗಿಯೂ ನನಗೆ ತಿಳಿಯದು. ನೀನು ಬರುತ್ತೀಯ ಅಂದುಕೊಳ್ಳುವುದು ನನಗೆ ಅಷ್ಟು ಬೇಕಾಗಿತ್ತೇನೋ.

ಆಟೋದಲ್ಲಿ ವಾಪಸು ಬರುವಾಗ ಕೇಳಿದೆ, "ಎಷ್ಟು ದಿನದಿಂದ?"

"ಏನು?"

"ಕೆಮ್ಮು ಕಣೇ."

ಅವಳು ಹೊರಗೆ ನೋಡುತ್ತಾ ಹೇಳಿದಳು. "ಹೋದ ಚಳಿಗಾಲದಿಂದ. ಬೆಳಗ್ಗೆ ಮಾತ್ರ ಬರುತ್ತೆ. ನಲ್ಲಿ ಬಿಟ್ಕೊಂಡು ಕೆಮ್ತೀನಿ. ನಿಂಗೆ ಕೇಳಿಸ್ಬಾರ್ದು ಅಂತ."

"ಯಾಕೆ ಕೇಳಿಸ್ಬಾರ್ದು?"

"ನೀನು ಅಮ್ಮಂಗೆ ಎಷ್ಟು ಮಾಡಿದೀಯ. ಆಸ್ಪತ್ರೆ, ಆಕ್ಸಿಜನ್ನು, ಎಲ್ಲಾ. ಇನ್ನೊಂದ್ಸಲ ಆ ಸದ್ದು ನಿನ್ನ ಕಿವಿಗೆ ಬೀಳೋದು ಬೇಡ ಅನ್ನಿಸ್ತು."

ನಾನು ಎಷ್ಟು ಮಾಡಿದ್ದೇನೆ ಅಂತ ಆ ಮಗು ನಂಬಿಕೊಂಡಿದೆ, ನೋಡು. ಅವಳ ಆ ಮಾತನ್ನು ನುಂಗಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, ಬಾಗಿಲ ಮೆಟ್ಟಿಲಲ್ಲಿ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತಪ್ಪಲೆ ಬೆಳಗುತ್ತಾ ಆಡಿದ ಮಾತು, ಮೆಟ್ರೋ ಮೆಟ್ಟಿಲ ಮೇಲಿಂದ ಕಂಡ ಹೊಗೆ, ನನಗಾದ ಸಂತೋಷ. ಸಂತೋಷವನ್ನು ಬಿಟ್ಟು ಹೇಳಬಹುದಾಗಿತ್ತು. ಬಿಡಲಿಲ್ಲ.

ಅವಳು ಉಗುರು ಕೆರೆಯತೊಡಗಿದಳು. ಆಮೇಲೆ, "ಅಮ್ಮ ಯಾವತ್ತು ಯಾರ ಮಾತು ಕೇಳಿದ್ಲು ಚಿಕ್ಕಮ್ಮ? ಅವಳಿಗೆ ಹಚ್ಬೇಕು ಅನ್ನಿಸ್ತು, ಹಚ್ಚಿದ್ಲು" ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ. ಅವಳು ಎದ್ದು ನಿಂತು ಮುಂದುವರಿಸಿದಳು. "ಪರವಾಗಿಲ್ಲ ಅಂತ ನಾನು ಹೇಳ್ಲಿ ಅಂತ ಕಾಯ್ಬೇಡ. ಅದನ್ನ ಹೇಳೋದು ನನ್ನ ಕೈಲಿಲ್ಲ. ಅಮ್ಮನ್ನೇ ಕೇಳು."

ಇದೇ ಆ ಮಾತು ಅಕ್ಕ. ಅದಕ್ಕೇ ಬರೆಯುತ್ತಿದ್ದೇನೆ.

ಐದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಬುತ್ತಿ ಕಟ್ಟಿಟ್ಟರೆ ತೆಗೆದುಕೊಂಡು ಹೋಗುತ್ತಿದ್ದಳು, ಸಂಜೆ ತೊಳೆದಿಡುತ್ತಿದ್ದಳು. ಈಗ ನಲ್ಲಿ ಬಿಡದೆಯೇ ಕೆಮ್ಮುತ್ತಿದ್ದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಲ್ಲ. ಆರನೆಯ ದಿನ ನಾನು ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ಆಸ್ಪತ್ರೆಗೆ ಹೋಗ್ತಾ ಇದೀವಿ. ಮಾತಾಡದಿದ್ರೂ ಪರವಾಗಿಲ್ಲ, ಬಾ" ಅಂದೆ. ಬಂದಳು. ಅಸ್ತಮಾ ಅಂದರು. ಚಿಕ್ಕಂದಿನಲ್ಲಿ ಹೊಗೆಯಲ್ಲಿ ಬೆಳೆದದ್ದೂ ಕಾರಣವಿರಬಹುದು ಅಂದರು. ಅಮ್ಮನಿಗೆ ಆದದ್ದೇ ಇವಳಿಗೆ ಆಗಬೇಕು ಅಂತೇನಿಲ್ಲ, ಬೇಗ ಬಂದಿದ್ದೀರಿ, ದಿನಾ ತಪ್ಪದೆ ಇನ್‌ಹೇಲರ್ ತೆಗೆದುಕೊಳ್ಳಲಿ, ಹೊಗೆಯ ಹತ್ತಿರ ಸುಳಿಯದಿರಲಿ ಅಂದರು. ನೀನು ಬೇಗ ಹೋಗಿದ್ದರೆ? ಗೊತ್ತು, ಕೇಳಿ ಪ್ರಯೋಜನವಿಲ್ಲದ ಪ್ರಶ್ನೆ. ಆದರೂ ಆ ಕಾರಿಡಾರಿನ ಬೆಂಚಿನ ಮೇಲೆ ಕೂತು ಕೇಳಿಕೊಂಡೆ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವಳು ಐದು ದಿನದ ಮೇಲೆ ಮೊದಲ ಮಾತಾಡಿದಳು. "ಸ್ಮೋಕರ್ ಹೋಯ್ತು ಬಿಡು."

ಆ ಸಲ ಬೇಡ ಅಂದವಳು ನಾನು. ಈ ಸಲ ಹಾಗೆ ಅನ್ನಲು ಬಾಯಿ ಬರಲಿಲ್ಲ. "ಅದ್ಯಾಕೆ ಹೋಗುತ್ತೆ? ಆ ಕರೆಂಟಿಂದು ಇನ್ನೊಂದ್ಸಲ ತೋರ್ಸು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಮೆಟ್ರೋದಲ್ಲಿ ಕೆಂಗೇರಿ ತಲುಪುವವರೆಗೂ ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿ ಆರಿಸಿದೆವು. ಬಾಗಿಲಿನ ರಬ್ಬರು ಬಿಗಿಯಾಗಿರಬೇಕು, ಹೊಗೆ ಸೋರಬಾರದು. ಬಾಗಿಲು ತೆಗೆಯದೆಯೇ ಹೊರಗಿನಿಂದ ಚಕ್ಕೆ ಹಾಕುವಂತಿರಬೇಕು. ಹೊಗೆ ಹೋಗಲು ಮೇಲೆ ಕೊಳವೆ ಕೂರಿಸುವಂತಿರಬೇಕು. ಮಾಂಸಕ್ಕೆ ಚುಚ್ಚುವ ಕಡ್ಡಿ ಇದೆಯಲ್ಲ, ಅದು ಒಳಗಿನ ಕಾವನ್ನು ಕೆಳಗಿನ ಮನೆಯಲ್ಲಿರುವ ಫೋನಿಗೆ ಕಳಿಸಬೇಕು. ಇದರಲ್ಲಿ ಒಂದನ್ನೂ ನಾನು ರುಚಿಗಾಗಿ ಕೇಳಲಿಲ್ಲ. ಕೊಳ್ಳಲು ಹೋದಾಗ ಅಂಗಡಿಯವನಿಗೆ ನಾನು ಹಾಕಿದ ಪ್ರಶ್ನೆಗಳನ್ನು ನೀನು ಕೇಳಿಸಿಕೊಂಡಿದ್ದರೆ, "ಇವಳೇನು ಅಳಿಯನ್ನ ಹುಡುಕ್ತಾ ಇದಾಳಾ?" ಅಂತಿದ್ದೆ.

ಮೊದಲ ಭಾನುವಾರ. ಕುರಿಯ ಭುಜದ ದೊಡ್ಡ ತುಂಡಿಗೆ ಹಿಂದಿನ ದಿನವೇ ಉಪ್ಪು, ಮೆಣಸು, ಬೆಳ್ಳುಳ್ಳಿ, ನೀನು ಹಾಕುತ್ತಿದ್ದ ಹಾಗೆ ಚೂರು ಮರಾಠಿ ಮೊಗ್ಗು ಅರೆದು ಹಚ್ಚಿಟ್ಟಿದ್ದಳು. ಒಣಗಿದ ಸೀಬೆ ಕಟ್ಟಿಗೆಯ ಚಕ್ಕೆ. ಟೆರೇಸಿನ ಮೇಲೆ ನಾನೊಬ್ಬಳೇ. ಸ್ವಿಚ್ಚು ಒತ್ತಿದೆ. ಮೊದಲು ಬೆಳ್ಳಗೆ ಬಂತು. ನಾನು ಹತ್ತು ಹೆಜ್ಜೆ ಹಿಂದೆ ಸರಿದು, ನೀರಿನ ಟ್ಯಾಂಕಿನ ಪಕ್ಕ ಉಸಿರು ಹಿಡಿದು ನಿಂತೆ. ಕಾಲು ಗಂಟೆಯ ಮೇಲೆ ಕೊಳವೆಯ ತುದಿಯಲ್ಲಿ ತೆಳ್ಳಗೆ, ನೀಲಿಯಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ ಆಡತೊಡಗಿತು. ಕೆಳಗಿನಿಂದ ಪಲ್ಲವಿ ಫೋನು ನೋಡಿಕೊಂಡು ಕೂಗುತ್ತಿದ್ದಳು. "ಚಿಕ್ಕಮ್ಮ, ಅರವತ್ತಾಯ್ತು! ಎಪ್ಪತ್ತಾಯ್ತು! ಈಗ ಬಾಗ್ಲು ತೆಗೀಬೇಡ!" ನಾನು ತೆಗೆಯುತ್ತಿದ್ದೆನೇ? ಆ ಬಾಗಿಲನ್ನು ಮುಟ್ಟುವುದಕ್ಕೂ ನನಗೆ ಧೈರ್ಯವಿರಲಿಲ್ಲ.

ಬೆಂದಾಗ ಸಂಜೆ ನಾಲ್ಕಾಗಿತ್ತು. ಹೊರಗೆ ಕಪ್ಪಗೆ, ಒಳಗೆ ಗುಲಾಬಿ ಬಣ್ಣ, ಎಲುಬು ತಾನಾಗಿ ಕಳಚಿ ಬಂತು. ಬಿಸಿ ಮುದ್ದೆ ಮಾಡಿದ್ದೆ. ಪಲ್ಲವಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ನಾನೂ ನಮ್ಮವರೂ ಪರೀಕ್ಷೆ ಬರೆದ ಮಕ್ಕಳ ಹಾಗೆ ಅವಳನ್ನೇ ನೋಡುತ್ತಿದ್ದೆವು.

"ಚೆನ್ನಾಗಿದೆ" ಅಂದಳು. ಇನ್ನೊಂದು ತುತ್ತು ತಿಂದಳು. "ಆದ್ರೆ ಅಮ್ಮಂದಲ್ಲ."

ಅಲ್ಲ ಅಕ್ಕ. ನಿನ್ನದಲ್ಲ. ಆಗುವುದೂ ಇಲ್ಲ. ಅವಳು ಅಳಲಿಲ್ಲ, ಮೂರು ಸಲ ಬಡಿಸಿಕೊಂಡಳು. ನನ್ನ ತಟ್ಟೆಗೆ ಒಂದು ತುಂಡು ಹಾಕಿ, "ತಿನ್ನು, ಸುಮ್ನೆ ನೋಡ್ತಾ ಕೂರ್ಬೇಡ" ಅಂದಳು. ಪರವಾಗಿಲ್ಲ ಅಂತ ಅವಳು ಇವತ್ತಿಗೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ.

ಇನ್ನೊಂದು ವಿಷಯ. ಔಷಧಿ ಹಿಡಿದು ಮೂರನೆಯ ವಾರ ಬೆಳಗಿನ ಕೆಮ್ಮು ನಿಂತಿತು. ಐದೂವರೆಗೆ ನನಗೆ ತಾನಾಗಿ ಎಚ್ಚರವಾಗುತ್ತದೆ. ಕಿವಿ ಕೊಟ್ಟು ಮಲಗಿರುತ್ತೇನೆ. ಏನೂ ಇಲ್ಲ. ಕೆಮ್ಮಿಲ್ಲ, ನೀರಿಲ್ಲ, ನೀನಿಲ್ಲ. ಅವಳು ಗುಣವಾಗುತ್ತಿದ್ದಾಳೆ ಅಂತ ಕುಣಿಯಬೇಕಾಗಿದ್ದ ನಾನು ದಿಂಬಿಗೆ ಮುಖ ಒತ್ತಿ ಅತ್ತೆ. ನೀನು ಎರಡನೆಯ ಸಲ ಹೋದ ಹಾಗಾಯಿತು. ಇದನ್ನು ಯಾರ ಮುಂದೆ ಹೇಳಲಿ? ಯಾರಿಗೆ ಅರ್ಥವಾಗುತ್ತದೆ? ಪರವಾಗಿಲ್ಲ ಅಂತ ನೀನೊಂದು ಮಾತು... ಬೇಡ ಬಿಡು. ನೀನು ಹೇಳುವುದಾದರೆ ಹೇಗೆ ಹೇಳುತ್ತೀಯ ಅಂತ ನನಗೆ ಗೊತ್ತು. ಏನೂ ಹೇಳದೆ, ಇದ್ದ ಪಾತ್ರೆಯನ್ನು ಇನ್ನೊಂದು ಸಲ ಬೆಳಗುತ್ತೀಯ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನೆ ಪಲ್ಲವಿಯನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಉಸಿರು ಅಳೆಯುವ ಯಂತ್ರದ ಕೊಳವೆಯನ್ನು ಬಾಯಿಗೆ ಕೊಟ್ಟು ಊದಿಸುತ್ತಾರೆ. ಗಾಜಿನ ಬಾಗಿಲಾಚೆ ನಿಂತು ನಾನು ನೋಡುತ್ತಿದ್ದೆ. ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪರೀಕ್ಷೆ ಮಾಡುವ ಹುಡುಗಿ, "ಊದಿ ಮೇಡಂ, ಊದಿ, ಇನ್ನೂ, ಇನ್ನೂ" ಅಂತ ಹುರಿದುಂಬಿಸುತ್ತಿದ್ದಳು. ಪರದೆಯ ಮೇಲೆ ಒಂದು ಗೆರೆ ಏರಿತು, ಏರಿ ಆ ಕಡೆ ಸಾಗಿತು. ನನಗೆ ಗೊತ್ತಿಲ್ಲದೆಯೇ ಈಚೆ ನಿಂತು ನಾನೂ ಊದುತ್ತಿದ್ದೆ. ನನ್ನ ಉಸಿರು ಮುಗಿಯಿತು. ಒಳಗೆ ಆ ಹುಡುಗಿ ನಗುತ್ತಾ ಅವಳ ಭುಜ ಮುಟ್ಟಿ, "ಸಾಕು ಮೇಡಂ, ಸಾಕು" ಅಂದಳು.

ನಿನ್ನ ಮಗಳು ಇನ್ನೂ ಊದುತ್ತಲೇ ಇದ್ದಳು ಅಕ್ಕ.

ಭಾಗಿ